ಬಚ್ಚಲದಾಗ ಬಂದದ್ದು ಸಿಸಿಲಿಯನ್ ಏನ್ರೀ? ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಿರಗದ ಮಳೆ ಬಿದ್ದ ಮರುದಿನವೇ ನನ್ನ ಫೋನಿಗೆ ವಿಡಿಯೊಗಳು ಬರಲು ಶುರು. ಬಚ್ಚಲಿನ ಪರಸಿ ಕಲ್ಲಿನ ಮೇಲೆ ಕಪ್ಪು ದಾರದಂಥದ್ದೊಂದು ಹೊಳೆಯುತ್ತ ಒದ್ದಾಡುತ್ತಿರುತ್ತದೆ. ಹಿಂದಿನಿಂದ ಯಾರದೋ ದನಿ: "ಸರ, ಇದು ಹಾವೇನ್ರೀ, ಹುಳ ಏನ್ರೀ?" ಈಚೆಗೆ ಮೂರನೇ ಪ್ರಶ್ನೆಯೂ ಸೇರಿಕೊಂಡಿದೆ: "ಸಿಸಿಲಿಯನ್ ಅಂತಾರಲ್ಲ, ಅದೇ ಏನ್ರೀ ಇದು?" ಮಕ್ಕಳು ಮೊಬೈಲಿನಲ್ಲಿ ನೋಡಿರುತ್ತಾರೆ. ನಾನು ಕಲಬುರಗಿಯಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಒಬ್ಬೊಬ್ಬರಿಗೂ ಅದೇ ಉತ್ತರ ಟೈಪ್ ಮಾಡಿ ಬೆರಳು ಸವೆಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಸಿಸಿಲಿಯನ್ ಅಂದ್ರೆ ಏನು?

ಕಾಲಿಲ್ಲದ, ನೆಲದೊಳಗೆ ಬದುಕುವ ಉಭಯಚರ. ಉಭಯಚರಗಳಲ್ಲಿ ಮೂರು ಗುಂಪುಗಳಿವೆ. ಕಪ್ಪೆಗಳದ್ದು ಒಂದು, ಸಾಲಮ್ಯಾಂಡರ್‌ಗಳದ್ದು ಇನ್ನೊಂದು, ಮೂರನೆಯದು ಇವುಗಳದ್ದು. ನೋಡಲು ದೊಡ್ಡ ಎರೆಹುಳದಂತೆ ಇರುತ್ತದೆ, ಇಲ್ಲವೇ ನಯವಾದ ಹಾವಿನಂತೆ. ಆದರೆ ಎರಡೂ ಅಲ್ಲ. ಮೈಯೊಳಗೆ ಬೆನ್ನೆಲುಬಿದೆ, ಬಾಯಲ್ಲಿ ಹಲ್ಲಿವೆ, ಹೊರಗಿನ ಚರ್ಮ ಕಪ್ಪೆಯದರಂತೆ ಒದ್ದೆ. ಜಗತ್ತಿನಲ್ಲಿ ಸುಮಾರು 220 ಪ್ರಭೇದಗಳು ಗೊತ್ತಿವೆ. ಹೆಚ್ಚಿನವು ಬಿಸಿಲು ನಾಡುಗಳ ತೇವದ ಜಾಗದವು: ದಕ್ಷಿಣ ಅಮೆರಿಕ, ಆಫ್ರಿಕ, ಸೀಶೆಲ್ಸ್ ದ್ವೀಪಗಳು, ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾ. ಭಾರತದಲ್ಲೇ ಸುಮಾರು 40 ಇವೆ. ಅತಿ ಉದ್ದದ್ದು ಕೊಲಂಬಿಯಾದ ಸಿಸಿಲಿಯಾ ಥಾಂಪ್ಸೋನಿ, ಒಂದೂವರೆ ಮೀಟರ್‌ವರೆಗೆ ಬೆಳೆಯುತ್ತದೆ. ನಮ್ಮ ದೇಶದವು ಸಾಮಾನ್ಯವಾಗಿ ಗೇಣುದ್ದ, ಮೊಳದುದ್ದದ ಲೆಕ್ಕದವು.

ಹಾಗಾದ್ರೆ ನಮ್ಮ ಬಚ್ಚಲಲ್ಲಿ ಬಂದದ್ದು ಅದೇನಾ?

ಅಲ್ಲ. ಕಲಬುರಗಿ, ಬೀದರ್, ಯಾದಗಿರಿಯಿಂದ ನನಗೆ ಬಂದ ಇಂಥ ವಿಡಿಯೊಗಳಲ್ಲಿ ಒಂದೂ ಸಿಸಿಲಿಯನ್ ಆಗಿರಲಿಲ್ಲ. ಹೆಚ್ಚುಕಡಿಮೆ ಎಲ್ಲವೂ ಕುರುಡು ಹಾವುಗಳು. ಇದನ್ನು ಹುಳಹಾವು ಅಂತಲೂ ಕರೆಯುತ್ತಾರೆ. ಹಾವುಗಳಲ್ಲೇ ತೀರಾ ಚಿಕ್ಕವುಗಳಲ್ಲಿ ಒಂದು. ಒಂದು ಗೇಣೂ ಇರುವುದಿಲ್ಲ, ದಪ್ಪ ನಿಮ್ಮ ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇರುವೆ, ಗೆದ್ದಲುಗಳ ಮೊಟ್ಟೆ ಮರಿ ತಿನ್ನುತ್ತ ಮಣ್ಣಿನೊಳಗೆ ಇರುತ್ತದೆ. ಮಳೆನೀರು ಬಿಲಕ್ಕೆ ಹೊಕ್ಕಾಗ ಮೇಲೆ ಬರುತ್ತದೆ. ಪರಸಿ ಕಲ್ಲಿನ ಸಂದಿ, ಬಚ್ಚಲಿನ ಮೋರಿ, ಹೂಕುಂಡ ಅದಕ್ಕೆ ಇಷ್ಟದ ದಾರಿಗಳು.

ಈ ಪುಟ್ಟ ಹಾವೇ ಒಂದು ವಿಚಿತ್ರ. ಇದರಲ್ಲಿ ಗಂಡು ಇಲ್ಲವೇ ಇಲ್ಲ. ಎಲ್ಲವೂ ಹೆಣ್ಣು. ಗಂಡಿನ ನೆರವಿಲ್ಲದೆ ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ಹೂಕುಂಡದ ಮಣ್ಣಿನಲ್ಲಿ ಒಂದೇ ಒಂದು ಹಾವು ಕೂತು ಹೋದರೂ ಹೊಸ ಊರಿನಲ್ಲಿ ಸಂಸಾರ ಶುರು. ಹಾಗೇ ಜಗತ್ತೆಲ್ಲ ಹಬ್ಬಿದೆ.

ಎರಡರ ನಡುವಿನ ವ್ಯತ್ಯಾಸ ಗುರುತಿಸುವುದು ಹೇಗೆ?

ಇಲ್ಲಿ ನನ್ನದೇ ಒಂದು ಮರ್ಯಾದೆ ಹೋದ ಕಥೆ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಹುಡುಗ ಬಾಟಲಿಯಲ್ಲಿ ಏನನ್ನೋ ತಂದ. ನಾನು ಒಂದು ಸಲ ಕಣ್ಣಾಡಿಸಿ, ದೊಡ್ಡ ಗತ್ತಿನಲ್ಲಿ "ಸಿಸಿಲಿಯನ್" ಅಂದುಬಿಟ್ಟೆ. ಬೋರ್ಡ್ ಮೇಲೆ ಚಿತ್ರವನ್ನೂ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಲೆನ್ಸ್ ಹಿಡಿದು ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು, "ಸರ, ಉಭಯಚರಕ್ಕ ಹೊಳಪಿನ ಹುರುಪಿ ಇರ್ತಾವೇನ್ರೀ?" ಕ್ಲಾಸೆಲ್ಲ ನಕ್ಕಿತು. ಅವತ್ತಿನಿಂದ ನಾನು ಮೊದಲು ಲೆನ್ಸ್ ತೆಗೆಯುತ್ತೇನೆ, ಆಮೇಲೆ ಬಾಯಿ.

ಕುರುಡು ಹಾವಿನ ಮೈ ತುಂಬ ಸಣ್ಣ ಹುರುಪೆಗಳಿರುತ್ತವೆ. ಒಣಗಿದಾಗಲೂ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಸಿಸಿಲಿಯನ್ನಿನ ಮೈ ಮೇಲೆ ಹುರುಪೆ ಕಾಣುವುದಿಲ್ಲ. ಬದಲಿಗೆ ಎರೆಹುಳದಂತೆ ಉಂಗುರ ಉಂಗುರದ ಗೆರೆಗಳಿರುತ್ತವೆ, ಮುಟ್ಟಿದರೆ ಲೋಳೆ ಹತ್ತುತ್ತದೆ. ಕೆಲವು ಪ್ರಭೇದಗಳಲ್ಲಿ ಆ ಉಂಗುರಗಳ ಮಡಿಕೆಯೊಳಗೆ ಬಹಳ ಸಣ್ಣ ಹುರುಪೆಗಳು ಅಡಗಿರುತ್ತವೆ, ಆದರೆ ಅವು ಬರಿಗಣ್ಣಿಗೆ ಸಿಗುವುದಿಲ್ಲ. ನಾಲಿಗೆ ನೋಡಿ. ಹಾವು ನಾಲಿಗೆ ಚಾಚಿ ಒಳಗೆಳೆಯುತ್ತದೆ, ಸಿಸಿಲಿಯನ್ ಹಾಗೆ ಮಾಡುವುದಿಲ್ಲ. ಇನ್ನು ಎರೆಹುಳಕ್ಕೆ ದವಡೆಯೂ ಇಲ್ಲ, ಎಲುಬೂ ಇಲ್ಲ. ಹಿಗ್ಗಿ ಕುಗ್ಗಿ ಸಾಗುತ್ತದೆ, ತಲೆ ಯಾವ ಕಡೆ ಅಂತ ಹುಡುಕಬೇಕು.

ನನ್ನ ತಪ್ಪಿಗೆ ಸಮಾಧಾನ ಏನೆಂದರೆ, 1758ರಲ್ಲಿ ಲಿನೇಯಸ್ ಕೂಡ ಸಿಸಿಲಿಯನ್ನನ್ನು ಹಾವುಗಳ ಸಾಲಿನಲ್ಲೇ ಸೇರಿಸಿದ್ದ. ಅವನು ಉಲ್ಟಾ ತಪ್ಪಿದ, ನಾನು ಇತ್ತ ಕಡೆಯಿಂದ ತಪ್ಪಿದೆ.

ಇದು ಕಿವಿಯೊಳಗೆ ಹೋಗುತ್ತದಂತೆ, ಖರೇನಾ?

ಇಲ್ಲ. ಕುರುಡು ಹಾವಿಗೆ ನಿಮ್ಮ ಕಿವಿಯಲ್ಲಿ ಏನು ಕೆಲಸ? ಅದಕ್ಕೆ ಬೇಕಿರುವುದು ಇರುವೆ ಗೂಡು. ಸಿಸಿಲಿಯನ್ನಿಗಂತೂ ನಮ್ಮೂರಿಗೆ ಬರುವುದೇ ಆಗದ ಮಾತು.

ಎರಡು ತಲೆ ಹಾವು ಅಂತಾರಲ್ಲ, ಅದೂ ಇದೇನಾ?

ಅದು ಮೂರನೇ ಪ್ರಾಣಿ. ಮಣ್ಣುಮುಕ್ಕ ಹಾವು. ಬಾಲ ಮೊಂಡಾಗಿರುವುದರಿಂದ ಎರಡು ಕಡೆ ತಲೆ ಇದ್ದಂತೆ ಕಾಣುತ್ತದೆ. ನಮ್ಮ ಹೊಲಗಳಲ್ಲಿ ನಿಜಕ್ಕೂ ಇದೆ. ಲಕ್ಷ, ಕೋಟಿ ಬೆಲೆ ಬಾಳುತ್ತದೆ, ಮನೆಯಲ್ಲಿಟ್ಟರೆ ನಿಧಿ ಸಿಗುತ್ತದೆ ಅಂತ ಹೇಳಿಕೊಂಡು ತಿರುಗುವವರು ಇದ್ದಾರೆ. ಹಾಗೆ ಹೇಳಿದವನ ಜೇಬು ತುಂಬುತ್ತದೆ, ಕೇಳಿದವನ ಜೇಬು ಖಾಲಿ. ಅದನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸುಮ್ನೆ ಬಿಟ್ಟುಬಿಡಿ.

ಕಾಲೇ ಇಲ್ಲದ ಸಿಸಿಲಿಯನ್ ಕಪ್ಪೆಯ ನಂಟ ಹೇಗಾಗುತ್ತದೆ?

ಮೊದಲು ಕಾಲು ಇತ್ತು, ಆಮೇಲೆ ಹೋಯಿತು. ಅಮೆರಿಕದ ಅರಿಝೋನಾದಲ್ಲಿ ಸಿಕ್ಕ ಇಯೊಸಿಸಿಲಿಯಾ ಎಂಬ ಪಳೆಯುಳಿಕೆಗೆ ಪುಟ್ಟ ಪುಟ್ಟ ಕಾಲುಗಳಿವೆ. ಅದು ಜುರಾಸಿಕ್ ಕಾಲದ ಮೊದಲ ಭಾಗದ್ದು. ಅದೇ ರಾಜ್ಯದಲ್ಲಿ ಸಿಕ್ಕು, 2023ರಲ್ಲಿ ಹೆಸರು ಪಡೆದ ಫಂಕಸ್‌ವರ್ಮಿಸ್ ಇನ್ನೂ ಹಳೆಯದು, ಸುಮಾರು 22 ಕೋಟಿ ವರ್ಷದ್ದು. ನೆಲ ಕೊರೆದು ಬದುಕುವವರಿಗೆ ಕಾಲು ಅಡ್ಡಿಯೇ ಅಲ್ವಾ? ಹಾವುಗಳೂ ತಮ್ಮ ಪಾಡಿಗೆ ಅದೇ ದಾರಿ ಹಿಡಿದವು. ಎರಡು ಬೇರೆ ಮನೆತನದವರು ಒಂದೇ ನಮೂನೆಯ ಅಂಗಿ ಹೊಲಿಸಿಕೊಂಡಂತೆ.

ಕಣ್ಣು ಇಲ್ಲವಾ?

ಇವೆ, ಆದರೆ ಚರ್ಮದ ಕೆಳಗೆ. ಕೆಲವು ಜಾತಿಗಳಲ್ಲಿ ಮೂಳೆಯ ಕೆಳಗೇ ಹೂತಿರುತ್ತವೆ. ಬೆಳಕು ಕತ್ತಲೆ ತಿಳಿದರೆ ಅದೇ ಜಾಸ್ತಿ. ಸಿಸಿಲಿಯನ್ ಎಂಬ ಹೆಸರೇ ಲ್ಯಾಟಿನ್ನಿನ ಕುರುಡು ಎಂಬ ಪದದಿಂದ ಬಂದದ್ದು.

ಕಣ್ಣಿನ ಬದಲು ಅದಕ್ಕೆ ಬೇರೆಯೇ ಒಂದು ಉಪಕರಣವಿದೆ. ಕಣ್ಣು ಮತ್ತು ಮೂಗಿನ ನಡುವೆ, ಎರಡೂ ಕಡೆ, ಒಂದೊಂದು ಪುಟ್ಟ ಮೀಸೆ. ಬೆನ್ನೆಲುಬಿರುವ ಬೇರೆ ಯಾವ ಪ್ರಾಣಿಗೂ ಈ ಥರದ ಮೀಸೆ ಇಲ್ಲ. ಮಣ್ಣಿನೊಳಗೆ ಅದನ್ನು ಹೊರಗೆ ಚಾಚಿ ವಾಸನೆ ಹಿಡಿಯುತ್ತದೆ, ಒಳಗೆ ಎಳೆದುಕೊಳ್ಳುತ್ತದೆ. ಈ ಮೀಸೆಯನ್ನು ಆಡಿಸುವ ಸ್ನಾಯುಗಳು ಮೂಲತಃ ಕಣ್ಣಿನವು. ಕೆಲಸ ಕಳೆದುಕೊಂಡ ಕಣ್ಣಿನ ಸಾಮಾನನ್ನೇ ಮೀಸೆಗೆ ಜೋಡಿಸಿಕೊಂಡಿದೆ. ನಮ್ಮ ಓಣಿಯ ಮೆಕ್ಯಾನಿಕ್ ಹಳೇ ಲೂನಾದ ಬಿಡಿಭಾಗ ತೆಗೆದು ಪಂಪ್‌ಸೆಟ್ಟಿಗೆ ಹಾಕಿದ್ದು ನೆನಪಾಗುತ್ತದೆ.

ಕೈಕಾಲಿಲ್ಲದೆ ನೆಲ ಹೇಗೆ ಕೊರೆಯುತ್ತದೆ? ಏನು ತಿನ್ನುತ್ತದೆ?

ತಲೆಬುರುಡೆ ಗಟ್ಟಿ, ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಅದನ್ನೇ ಗೂಟದಂತೆ ಮಣ್ಣಿಗೆ ನೂಕುತ್ತದೆ. ನೂಕುವ ಬಲ ಬರುವುದು ಮೈಯಿಂದ. ಹೊರಚರ್ಮ ಬಿಲದ ಗೋಡೆಗೆ ಒತ್ತಿಕೊಂಡು ನಿಂತಿರುತ್ತದೆ, ಒಳಗೆ ಬೆನ್ನೆಲುಬು ಮಾತ್ರ ಮಡಚಿ ಬಿಚ್ಚಿಕೊಳ್ಳುತ್ತದೆ. ಹಾರ್ಮೋನಿಯಂನ ತಿದಿ ಹೊರಪೆಟ್ಟಿಗೆಯೊಳಗೆ ಆಡಿದ ಹಾಗೆ.

ಊಟ ಎರೆಹುಳ, ಗೆದ್ದಲು, ಇರುವೆ, ಮಣ್ಣಿನ ಇತರ ಹುಳಹುಪ್ಪಟೆ. ದೊಡ್ಡ ಎರೆಹುಳ ಸಿಕ್ಕರೆ ಕಚ್ಚಿ ಹಿಡಿದು ತನ್ನ ಮೈಯನ್ನೇ ಗರಗರ ತಿರುಗಿಸಿ ತುಂಡು ಮಾಡುತ್ತದೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಯಾಕಿಲ್ಲ?

ಇದೇ ನನಗೆ ಇಷ್ಟದ ಪ್ರಶ್ನೆ. ಉತ್ತರ ನಮ್ಮ ಕಾಲ ಕೆಳಗೇ ಇದೆ.

ಸಿಸಿಲಿಯನ್ನಿಗೆ ಮೂರು ಬೇಕು. ವರ್ಷವಿಡೀ ಆರದ ತೇವ, ಸಡಿಲ ಮಣ್ಣು, ಕೊಳೆತ ಎಲೆ. ಅದು ಚರ್ಮದಿಂದಲೂ ಉಸಿರಾಡುತ್ತದೆ. ಹಾಗಾಗಿ ಚರ್ಮ ತೆಳ್ಳಗಿರಬೇಕು, ಒದ್ದೆ ಇರಬೇಕು. ಒಣ ನೆಲದಲ್ಲಿ ಬಿಟ್ಟರೆ ಮೈಯ ನೀರು ಆರಿ ಬಹುಬೇಗ ಸಾಯುತ್ತದೆ. ಈಗ ನಮ್ಮ ಎರೆ ಭೂಮಿ ನೋಡಿ. ಮಳೆ ಬಂದರೆ ಉಬ್ಬಿ, ಚಪ್ಪಲಿಗೆ ಸೇರುಗಟ್ಟಲೆ ಅಂಟುತ್ತದೆ. ಒಳಗೆ ಗಾಳಿಯೇ ಆಡುವುದಿಲ್ಲ. ಏಪ್ರಿಲ್ ಮೇ ಬಂದರೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಬಿಸಿಗಾಳಿ ಆಡುತ್ತದೆ. ಕಲಬುರಗಿಗೆ ವರ್ಷಕ್ಕೆ ಸುಮಾರು 700ರಿಂದ 800 ಮಿ.ಮೀ. ಮಳೆ. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ತೊಗರಿಗೆ ನಮ್ಮ ಮಣ್ಣು ಸ್ವರ್ಗ, ಬೇರು ಆಳಕ್ಕೆ ಇಳಿದು ಉಳಿದ ತೇವ ಹುಡುಕಿಕೊಳ್ಳುತ್ತದೆ. ಸಿಸಿಲಿಯನ್ನಿಗೆ ಅದೇ ಮಣ್ಣು ಮಳೆಗಾಲದಲ್ಲಿ ಗೋಂದು, ಬೇಸಿಗೆಯಲ್ಲಿ ಇಟ್ಟಿಗೆ.

"ಹಂಗಾದ್ರ ಕಪ್ಪಿ ಹೆಂಗ ಬದಕ್ಯಾವ?" ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ನಮ್ಮಲ್ಲೂ ನೆಲ ತೋಡುವ ಕಪ್ಪೆಗಳಿವೆ. ಹಿಂಗಾಲಿನಲ್ಲಿ ಗುದ್ದಲಿಯಂಥ ಗಟ್ಟಿ ಗಂಟು ಇರುತ್ತದೆ, ಅದರಿಂದ ಹಿಮ್ಮುಖವಾಗಿ ತೋಡುತ್ತ ಇಳಿದುಬಿಡುತ್ತವೆ. ಬೇಸಿಗೆ ಮುಗಿಯುವವರೆಗೆ ಅಲ್ಲೇ ಅಲುಗಾಡದೆ ಕೂತಿರುತ್ತವೆ. ಮೊದಲ ಜೋರು ಮಳೆಗೆ ಎದ್ದು, ಕೆಲವೇ ವಾರಗಳಲ್ಲಿ ಕೂಗಿ, ಮೊಟ್ಟೆಯಿಟ್ಟು, ತಿಂದು, ಮತ್ತೆ ಕೆಳಗೆ. ಕಪ್ಪೆಗೆ ಬರಗಾಲ ಕಳೆಯುವ ವಿದ್ಯೆ ಗೊತ್ತಿದೆ. ಸಿಸಿಲಿಯನ್ ಮಳೆಕಾಡಿನ ಮನೆಮಗ, ಬರ ಕಂಡದ್ದಲ್ಲ.

ಇನ್ನೊಂದು ತಮಾಷೆ ಇದೆ. ಚಿಂಚೋಳಿ, ಆಳಂದ ಕಡೆಯ ಕರಿ ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದೇ ಕಲ್ಲು ಸವೆದು ನಮ್ಮ ಎರೆ ಮಣ್ಣಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಭಾರತದ ಭೂಭಾಗದಿಂದ ಸೀಶೆಲ್ಸ್ ಕಡಿದುಕೊಂಡು ದೂರ ಹೋಯಿತು. ಇವತ್ತಿಗೂ ಪಶ್ಚಿಮ ಘಟ್ಟದ ಗೆಗೆನಿಯೋಫಿಸ್ ಸಿಸಿಲಿಯನ್‌ಗಳ ಹತ್ತಿರದ ನಂಟರು ಸೀಶೆಲ್ಸ್‌ನಲ್ಲಿದ್ದಾರೆ, ಎರಡನ್ನೂ ಒಂದೇ ಕುಟುಂಬದಲ್ಲಿ ಇಟ್ಟಿದ್ದಾರೆ. ಸಮುದ್ರದ ಉಪ್ಪುನೀರು ದಾಟಲಾರದ ಪ್ರಾಣಿ ಅಲ್ಲಿಗೆ ಈಜಿ ಹೋಗಿರಲಾರದು. ನೆಲವೇ ಅವನ್ನು ಹೊತ್ತು ಹೋಯಿತು. ಅಂದರೆ ನೀವು ತೊಗರಿ ಬಿತ್ತುವ ಮಣ್ಣಿಗಿಂತ ಈ ಪ್ರಾಣಿಯ ವಂಶ ಹಳೆಯದು.

ಚಿಂಚೋಳಿ ಕಾಡಿನಲ್ಲಿ ಇರಬಹುದಲ್ಲ?

ಚಿಂಚೋಳಿ ನಮ್ಮ ಭಾಗದ ಹೆಮ್ಮೆಯ ಕಾಡು, ಒಪ್ಪಿದೆ. ಚಂದ್ರಂಪಳ್ಳಿ ಕೆರೆಯ ಸುತ್ತ ಮಳೆಗಾಲದಲ್ಲಿ ಮಲೆನಾಡೇ ಅನ್ನಿಸುತ್ತದೆ. ಆದರೆ ಅದು ಎಲೆ ಉದುರುವ ಒಣ ಕಾಡು. ಮಾರ್ಚಿನಲ್ಲಿ ಹೋಗಿ ನೋಡಿ, ಕಾಲಿಟ್ಟಲ್ಲೆಲ್ಲ ಒಣ ಎಲೆ ಚರಚರ. ಪೂರ್ವ ಘಟ್ಟದಿಂದ 2013ರಲ್ಲಿ ಗೆಗೆನಿಯೋಫಿಸ್ ಓರಿಯೆಂಟಾಲಿಸ್ ಎಂಬ ಹೊಸ ಪ್ರಭೇದ ವರದಿಯಾಯಿತು, ನಿಜ. ಅದೂ ಆಂಧ್ರ, ಒಡಿಶಾ ಕಡೆಯ ತೇವದ ಬೆಟ್ಟಗಳದ್ದು.

ಬೀದರ್ ಕರೇಜ್‌ನಲ್ಲಿ ಯಾವಾಗಲೂ ನೀರು ಇರುತ್ತದಲ್ಲ? ಶಹಾಪುರ, ಸುರಪುರದ ಭತ್ತದ ಗದ್ದೆಗಳಲ್ಲಿ?

ಬೀದರಿನ ಒಬ್ಬ ಹುಡುಗ ಕರೇಜ್ ಬಗ್ಗೆ ಕೇಳಿದಾಗ ನಾನು ಎರಡು ನಿಮಿಷ ಸುಮ್ಮನಾದೆ. ತಲೆ ಓಡಿಸಿ ಕೇಳಿದ ಪ್ರಶ್ನೆ ಅದು. ಬಹಮನಿ ಕಾಲದ ಆ ನೆಲದಡಿಯ ಕಾಲುವೆಯಲ್ಲಿ ತಂಪಿದೆ, ತೇವವಿದೆ. ಆದರೆ ಅದು ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕೊರೆದದ್ದು. ಎಲೆಗೊಬ್ಬರದ ಸಡಿಲ ಮಣ್ಣಿಲ್ಲ, ಹೊಟ್ಟೆ ತುಂಬುವಷ್ಟು ಎರೆಹುಳವಿಲ್ಲ. ಇದ್ದರೂ ಅಲ್ಲಿಗೆ ಬರುವುದು ಹೇಗೆ? ಘಟ್ಟದಿಂದ ಬೀದರಿಗೆ ನೂರಾರು ಕಿಲೋಮೀಟರ್ ಒಣ ಬಯಲು ದಾಟಬೇಕು.

ಕಾಲುವೆ ನೀರಿನ ಭತ್ತದ ಗದ್ದೆಗೂ ಅದೇ ಮಾತು. ನಾರಾಯಣಪುರದ ನೀರು ಬಂದು ಕೆಲವು ದಶಕ ಆಯಿತು ಅಷ್ಟೇ. ಭೀಮಾ, ಕೃಷ್ಣಾ ನದಿಯಲ್ಲಿ ಬಲೆಗೆ ಸಿಗುವ ಉದ್ದನೆಯದು ಹಾವುಮೀನು. ಅದಕ್ಕೆ ಈಜುರೆಕ್ಕೆ ಇದೆ, ಬೆನ್ನ ಮೇಲೆ ಮುಳ್ಳಿವೆ. ಸಾರು ಮಾಡಿದರೆ ರುಚಿ.

ಕರ್ನಾಟಕದಲ್ಲಿ ಎಲ್ಲಿ ಇವೆ?

ಘಟ್ಟದ ಉದ್ದಕ್ಕೂ. ದಕ್ಷಿಣ ಕನ್ನಡದ ಗುರುಪುರದಿಂದ ಗೆಗೆನಿಯೋಫಿಸ್ ಕೃಷ್ಣಿ ವರದಿಯಾಗಿದೆ. ಉಡುಪಿ ಜಿಲ್ಲೆಯಿಂದ 2004ರಲ್ಲಿ ಗೆಗೆನಿಯೋಫಿಸ್ ಮಾಧವಾಯಿ ಬಂತು. ಕೊಡಗಿನ ಹೆಸರು ಹೊತ್ತ ಇಕ್ತಿಯೋಫಿಸ್ ಕೊಡಗುಎನ್ಸಿಸ್‌ಗೆ 2007ರಲ್ಲಿ ನಾಮಕರಣವಾಯಿತು. ಅದರ ಎರಡೂ ಪಕ್ಕಕ್ಕೆ ಹಳದಿ ಪಟ್ಟೆ ಇದೆ, ನೋಡಲು ಚೆಂದ. ಇಕ್ತಿಯೋಫಿಸ್ ಅಂದರೆ ಗ್ರೀಕಿನಲ್ಲಿ ಮೀನುಹಾವು. ಅದೇ 2007ರಲ್ಲಿ ಇನ್ನೊಂದು ಪ್ರಭೇದಕ್ಕೆ ಮಹದಾಯಿ ನದಿಯ ಹೆಸರಿಟ್ಟರು. ಉತ್ತರ ಕರ್ನಾಟಕದವರು ಆ ನದಿಯ ಹೆಸರನ್ನು ನೀರಿನ ಜಗಳದಲ್ಲಿ ಎಷ್ಟು ಸಲ ಕೇಳಿದ್ದೇವೆ! ಅದರ ದಂಡೆಯ ಮಣ್ಣಿನಲ್ಲಿ ಇಂಥದ್ದೂ ಒಂದಿದೆ ಅಂತ ಯಾರೂ ಹೇಳಿರಲಿಲ್ಲ.

ನೋಡಬೇಕೆಂದರೆ ಮಳೆಗಾಲದಲ್ಲಿ ಹೋಗಬೇಕು. ಅಡಿಕೆ ತೋಟದ ಗೊಬ್ಬರಗುಂಡಿ, ಹೊಳೆದಂಡೆಯ ಕಲ್ಲಿನ ಅಡಿ, ಕೊಳೆತ ಮರದ ಕೆಳಗೆ. ಕಲ್ಲು ಎತ್ತಿದರೆ ಮತ್ತೆ ಇದ್ದ ಹಾಗೇ ಇಡಬೇಕು, ಅದು ಯಾರದೋ ಮನೆಯ ಮಾಳಿಗೆ. ಗುದ್ದಲಿ ಹಿಡಿದು ಅಗೆಯಲು ಹೋಗಬೇಡಿ, ಅರ್ಧಕ್ಕೆ ತುಂಡಾಗುತ್ತದೆ.

ಮರಿಗಳು ತಾಯಿಯ ಚರ್ಮವನ್ನೇ ತಿನ್ನುತ್ತವಂತೆ?

ಹೌದು. ನಂಬಲು ಕಷ್ಟ, ಆದರೆ ಖರೇ. ಎಲ್ಲ ಪ್ರಭೇದಗಳಲ್ಲಿ ಅಲ್ಲ. ಕೀನ್ಯಾದ ಬುಲೆಂಜರುಲಾ ಟೈಟಾನಾದಲ್ಲಿ ಇದು 2006ರಲ್ಲಿ ವರದಿಯಾಯಿತು. ಮರಿ ಹುಟ್ಟಿದ ಮೇಲೆ ತಾಯಿಯ ಹೊರಚರ್ಮ ದಪ್ಪವಾಗುತ್ತದೆ, ಕೊಬ್ಬು ತುಂಬಿಕೊಳ್ಳುತ್ತದೆ. ಮರಿಗಳಿಗೆ ಅದನ್ನು ಕೆರೆದು ತಿನ್ನಲೆಂದೇ ಬೇರೆ ಥರದ ಹಲ್ಲುಗಳಿರುತ್ತವೆ. ತಾಯಿ ಅಲುಗದೆ ಮಲಗಿರುತ್ತದೆ, ಮರಿಗಳು ಮೈ ಮೇಲೆ ಹರಿದಾಡಿ ಸಿಪ್ಪೆ ಸುಲಿದಂತೆ ತಿನ್ನುತ್ತವೆ. ಕೆಲವು ದಿನದಲ್ಲಿ ಚರ್ಮ ಮತ್ತೆ ಬೆಳೆಯುತ್ತದೆ, ಮತ್ತೆ ಊಟ. ತಾಯಿಗೆ ಗಾಯವಾಗುವುದಿಲ್ಲ, ಸೊರಗುತ್ತದೆ.

ಬ್ರೆಜಿಲ್‌ನ ಸೈಫನಾಪ್ಸ್ ಆನ್ಯುಲೇಟಸ್ ಇನ್ನೂ ಮುಂದೆ ಹೋಗಿದೆ. ಚರ್ಮವೂ ಕೊಡುತ್ತದೆ, ಹಾಲಿನಂಥದ್ದನ್ನೂ ಕೊಡುತ್ತದೆ. ತಾಯಿಯ ಹಿಂಬದಿಯ ದ್ವಾರದಿಂದ ಕೊಬ್ಬು ತುಂಬಿದ ದ್ರವ ಬರುತ್ತದೆ, ಮರಿಗಳು ಸದ್ದು ಮಾಡುತ್ತ ಅಲ್ಲಿ ಮುತ್ತಿಕೊಂಡು ಕುಡಿಯುತ್ತವೆ. ಬ್ರೆಜಿಲ್‌ನ ಬುಟಾಂಟನ್ ಸಂಸ್ಥೆಯ ವಿಜ್ಞಾನಿಗಳು ಇದನ್ನು 2024ರಲ್ಲಿ ಪ್ರಕಟಿಸಿದರು. ಮೊಟ್ಟೆಯಿಂದ ಹೊರಬಂದ ಉಭಯಚರದ ಮರಿ ತಾಯಿಯ ಹಾಲು ಕುಡಿಯುವುದೆಂದರೆ ಪಠ್ಯಪುಸ್ತಕದ ಒಂದು ಸಾಲು ತಿದ್ದಬೇಕಾಯಿತು. ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ಒಬ್ಬಳು ಮನೆಗೆ ಹೋಗಿ ಅವ್ವನಿಗೆ ಹೇಳಿದಳಂತೆ. ಅವ್ವ ರೊಟ್ಟಿ ಬಡಿಯುತ್ತಲೇ ಅಂದರಂತೆ: "ನೀವೇನ ಕಡಿಮಿ ತಿಂದೀರೇನು ನನ್ನ?"

ನಮ್ಮ ದೇಶದವುಗಳ ರೀತಿ ಬೇರೆ ಬೇರೆ. ಇಕ್ತಿಯೋಫಿಸ್ ನೀರಿನ ಪಕ್ಕದ ಮಣ್ಣಿನಲ್ಲಿ ಮೊಟ್ಟೆಯಿಟ್ಟು, ಅದಕ್ಕೆ ಸುತ್ತಿಕೊಂಡು ಕಾಯುತ್ತದೆ. ಮರಿಗಳು ತೊರೆಗೆ ಇಳಿದು ಗೊದಮೊಟ್ಟೆಗಳಂತೆ ಕೆಲಕಾಲ ನೀರಿನಲ್ಲಿ ಬೆಳೆಯುತ್ತವೆ. ಗೆಗೆನಿಯೋಫಿಸ್ ಗುಂಪಿನಲ್ಲಿ ನೀರಿನ ಹಂತವಿಲ್ಲ, ಮೊಟ್ಟೆಯಿಂದ ನೇರವಾಗಿ ಪುಟ್ಟ ಸಿಸಿಲಿಯನ್ನೇ ಹೊರಬರುತ್ತದೆ. ಆ ಗುಂಪಿನ ಸೆಶಾಚಾರಿ ಎಂಬ ಪ್ರಭೇದ ಮರಿ ಹಾಕುತ್ತದೆ ಎಂದು 2008ರಲ್ಲಿ ಗೊತ್ತಾಯಿತು.

ವಿಷ ಇದೆಯಾ?

ಚರ್ಮದಲ್ಲಿ ವಿಷದ ಗ್ರಂಥಿಗಳಿವೆ, ತಿನ್ನಲು ಬಂದ ಪ್ರಾಣಿಗೆ ಕಹಿ ಮಾಡಲು. ಸೈಫನಾಪ್ಸ್‌ನಲ್ಲಿ ತಲೆಯ ಕಡೆ ಜಾರಲು ಲೋಳೆ ಜಾಸ್ತಿ, ಬಾಲದ ಕಡೆ ವಿಷ ಜಾಸ್ತಿ. ಬಿಲದೊಳಗೆ ನುಗ್ಗುವವನಿಗೆ ಹಿಂದಿನ ಬಾಗಿಲಿಗೆ ಚಿಲಕ ಬೇಕಲ್ವಾ? ಅದರ ಹಲ್ಲಿನ ಬುಡದಲ್ಲೂ ವಿಷದಂಥ ದ್ರವದ ಗ್ರಂಥಿಗಳಿವೆ ಅಂತ 2020ರಲ್ಲಿ ಬರೆದಿದ್ದಾರೆ. ಮನುಷ್ಯರಿಗೆ ಅಪಾಯವಿಲ್ಲ. ಮುಟ್ಟಿದರೆ ಕೈ ತೊಳೆದುಕೊಳ್ಳಿ, ಸಾಕು.

ಮನೆಯಲ್ಲಿ ಸಾಕಬಹುದಾ?

ಬೇಡ. ಕಲಬುರಗಿಯ ಮೇ ತಿಂಗಳಲ್ಲಿ ಕರೆಂಟ್ ಹೋದರೆ ನಾವೇ ಒದ್ದಾಡುತ್ತೇವೆ.

ಸರಿ, ಬಚ್ಚಲಲ್ಲಿ ಬಂದದ್ದು ಕುರುಡು ಹಾವೇ ಅಂತಾಯ್ತು. ಈಗ ಏನು ಮಾಡಲಿ?

ಉಪ್ಪು ಹಾಕಬೇಡಿ, ಸೀಮೆಎಣ್ಣೆ ಸುರಿಯಬೇಡಿ, ಬಿಸಿನೀರು ಹೊಯ್ಯಬೇಡಿ. ಅದಕ್ಕೆ ವಿಷವಿಲ್ಲ, ಕಚ್ಚಲು ಬಾಯಿಯೂ ಸಾಲದು. ಆದರೆ ಒಂದು ಎಚ್ಚರ: ಮೈ ಹೊಳೆಯುತ್ತ ಬೆನ್ನ ಮೇಲೆ ಬಿಳಿ ಅಡ್ಡಪಟ್ಟೆಗಳಿದ್ದರೆ ವಿಷದ ಕಟ್ಟುಹಾವಿನ ಮರಿ ಇರಬಹುದು, ಆಗ ಹತ್ತಿರ ಹೋಗದೆ ಹಾವು ಹಿಡಿಯುವವರನ್ನು ಕರೆಯಿರಿ. ಪಟ್ಟೆ ಇಲ್ಲದ, ರೀಫಿಲ್‌ನಷ್ಟೇ ದಪ್ಪದ ಕುರುಡು ಹಾವಾದರೆ ಒಂದು ರಟ್ಟಿನ ತುಂಡಿನ ಮೇಲೆ ಮೆಲ್ಲಗೆ ಎತ್ತಿ, ತುಳಸಿ ಕಟ್ಟೆಯ ಹಸಿ ಮಣ್ಣಿಗೋ ಹೂಕುಂಡಕ್ಕೋ ಬಿಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಇಳಿದಿರುತ್ತದೆ. ಬಿಡುವ ಮುಂಚೆ ಮಕ್ಕಳ ಕೈಗೆ ಒಂದು ಲೆನ್ಸ್ ಕೊಟ್ಟು ಹುರುಪೆ ತೋರಿಸಿ. ವಿಡಿಯೊ ನನಗೆ ಕಳಿಸುವುದಾದರೆ ತಲೆಯ ಕಡೆಯಿಂದ, ಬೆಳಕಿನಲ್ಲಿ ತೆಗೆಯಿರಿ. ಪಕ್ಕಕ್ಕೆ ಒಂದು ಬೆಂಕಿಕಡ್ಡಿ ಇಟ್ಟಿದ್ದರೆ ಅಳತೆ ತಿಳಿಯುತ್ತದೆ.